ಹೊಲಿಗೆಯೊಳಗೆ ಬಿಟ್ಟ ಒಂದಿಂಚು

ನಮ್ಮ ಹೊಲಿಗೆ ಅಂಗಡಿಯ ಮಾಸ್ಟರ್ ತಮ್ಮ ಪ್ಯಾಂಟನ್ನು ಕದ್ದುಮುಚ್ಚಿ ಸಡಿಲ ಮಾಡಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಾಗಿದ್ದು ದಾರದಿಂದ. ಅವರ ಬೂದು ಪ್ಯಾಂಟಿನ ಹಿಂದಿನ ನಡುಹೊಲಿಗೆಯಲ್ಲಿ ಹಳೆಯ ದಾರ ಮಾಸಿಹೋಗಿತ್ತು. ಸೊಂಟದ ಹತ್ತಿರ ನಾಲ್ಕು ಬೆರಳಿನಷ್ಟು ಮಾತ್ರ ಹೊಸ ದಾರ ಮಿನುಗುತ್ತಿತ್ತು. ಇಪ್ಪತ್ತೆರಡು ವರ್ಷ ಕಾಜ ಹೊಲಿದ ಕಣ್ಣು ನನ್ನದು. ಜನರ ಮುಖ ಮರೆತೇನು, ದಾರ ಮರೆಯುವುದಿಲ್ಲ.

“ಏನ್ ಮಾಸ್ಟರ್, ಪ್ಯಾಂಟ್ ಬಿಚ್ಚಿ ದೊಡ್ಡದು ಮಾಡ್ಕೊಂಡಿದ್ದೀರಾ?” ಎಂದು ಕೇಳಿದೆ.

“ಒಳಗೆ ಬಟ್ಟೆ ಬಿಟ್ಟಿರೋದು ಮತ್ಯಾಕೆ? ಸ್ವಲ್ಪ ಮೈ ಬಂದಿದೆ,” ಎಂದು ಅವರು ಕತ್ತರಿ ಕೈಗೆತ್ತಿಕೊಂಡರು. ಅವರು ಕತ್ತರಿ ಎತ್ತಿಕೊಂಡರೆ ಮಾತು ಮುಗಿಯಿತು ಎಂದು ಅರ್ಥ.

ನಮ್ಮದು ಉದ್ದಕ್ಕೆ ಹೋಗುವ ಇಕ್ಕಟ್ಟಿನ ಅಂಗಡಿ. ಬಾಗಿಲಲ್ಲೇ ಮಾಸ್ಟರ್ ಕತ್ತರಿಸುವ ಮೇಜು, ನಡುವೆ ಹೊಲಿಗೆ ಮೆಷಿನ್ನು, ಹಿಂದೆ ಕಿಟಕಿಯ ಪಕ್ಕ ನನ್ನ ಸ್ಟೂಲು ಮತ್ತು ಗುಂಡಿಯ ಡಬ್ಬಗಳು. ಮೆಷಿನ್ ತುಳಿಯುವವನನ್ನು ಮೌನಿ ಎನ್ನುತ್ತೇವೆ. ಅವನು ದಿನಕ್ಕೆ ನಾಲ್ಕು ಮಾತಾಡಿದರೆ ಅವತ್ತು ಏನೋ ವಿಶೇಷ. ನನ್ನನ್ನು ಎಲ್ಲರೂ ಕಾಜಮ್ಮ ಎನ್ನುತ್ತಾರೆ. ಗುಂಡಿ ತೂರುವ ಕಾಜಗಳನ್ನು ಕೈಯಲ್ಲಿ ಹೊಲಿಯುವುದು, ಗುಂಡಿ ಹಚ್ಚುವುದು, ಇಷ್ಟೇ ನನ್ನ ಕೆಲಸ. ಮೌನಿಯ ಪಾಲಿನ ಮಾತನ್ನೂ ನಾನೇ ಆಡುತ್ತೇನೆ, ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಯವರು ಹೇಳುತ್ತಾರೆ. ಅವರು ಸುಳ್ಳೇನೂ ಹೇಳುತ್ತಿಲ್ಲ.

ಮಾಸ್ಟರ್ ಹದಿನಾಲ್ಕನೇ ವಯಸ್ಸಿಗೆ ಸೋದರಮಾವನ ಹತ್ತಿರ ಕತ್ತರಿ ಕಲಿಯಲು ಕೂತವರು. ಆ ಮಾವ ಎರಡು ವರ್ಷ ಬಟ್ಟೆ ಮುಟ್ಟಲು ಬಿಡದೆ ಹಳೆಯ ದಿನಪತ್ರಿಕೆಯಲ್ಲಿ ಅಂಗಿಯ ಕಾಲರ್ ಕತ್ತರಿಸಲು ಹಚ್ಚಿದ್ದರಂತೆ. ಗೆರೆ ಎಳೆಯುವ ಹಾಗಿಲ್ಲ, ಕಾಗದ ಮಡಿಸುವ ಹಾಗಿಲ್ಲ. ಬರೀ ಕಣ್ಣಳತೆಯಲ್ಲಿ ಕತ್ತರಿಸಬೇಕು. ಆಮೇಲೆ ಮಾವ ಅದನ್ನು ನಟ್ಟನಡುವೆ ಮಡಿಸಿ, ಎರಡು ತುದಿಗಳು ಒಂದರ ಮೇಲೊಂದು ಕೂರುತ್ತವಾ ಎಂದು ನೋಡುವರು. ಕೂತರೆ ಸುಮ್ಮನಿರುವರು, ಕೂರದಿದ್ದರೆ ತಲೆಯ ಮೇಲೆ ಒಂದು ಕೊಡುವರು. “ನನ್ನ ತಲೆ ಈ ಆಕಾರಕ್ಕೆ ಬಂದಿದ್ದೇ ಹಾಗೆ,” ಎಂದು ಮಾಸ್ಟರ್ ಬೋಳು ನೆತ್ತಿ ಸವರಿಕೊಂಡು ನಗುತ್ತಿದ್ದರು.

ಅವರದ್ದೊಂದು ಹಟವಿತ್ತು. ಬೇರೆ ಅಂಗಡಿಗಳಲ್ಲಿ ಹೊಲಿಗೆಯ ಒಳಗೆ ಅರ್ಧ ಇಂಚು ಮಾರ್ಜಿನ್ ಬಿಟ್ಟರೆ ಇವರು ಒಂದಿಂಚು ಬಿಡುತ್ತಿದ್ದರು. ಬಟ್ಟೆ ದಂಡ ಎಂದು ಗಿರಾಕಿಗಳು ಗೊಣಗುವರು. “ಜನ ಇವತ್ತಿನ ಮೈ ತಗೊಂಡು ಅಳತೆಗೆ ಬರ್ತಾರೆ. ನಾಳೆ ಮೈಗೂ ನಾವು ಜಾಗ ಇಡ್ಬೇಕು,” ಎಂದು ಮಾಸ್ಟರ್ ಉತ್ತರ ಕೊಡುವರು. ಅಪ್ಪನ ಮದುವೆಯ ಪ್ಯಾಂಟನ್ನು ಮಗ ತಂದು ಬಿಚ್ಚಿಸಿಕೊಂಡು ಹೋಗಿದ್ದು ನಾನೇ ಕಂಡಿದ್ದೇನೆ.

ಮೂರು ತಿಂಗಳಲ್ಲಿ ಅವರ ಸ್ವಂತ ಪ್ಯಾಂಟಿನ ಒಂದಿಂಚೂ ಮುಗಿಯಿತು. ಹೊಟ್ಟೆ ಮುಂದಕ್ಕೆ ಬಂದು ಮೇಜಿಗೆ ತಾಗುತ್ತಿತ್ತು. ತೋಳುಗಳು ಮಾತ್ರ ಸಣ್ಣಗಾಗಿ ಅಂಗಿಯ ಕೈಗಳು ಜೋತಾಡುತ್ತಿದ್ದವು. ಸಂಜೆ ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಗುರುತು ಹಳ್ಳ ಬಿದ್ದಂತೆ ಉಳಿಯುತ್ತಿತ್ತು.

“ಮೈ ಬಂದ್ರೆ ತೋಳಿಗೂ ಒಂದು ಪಾಲು ಬರ್ಬೇಡ್ವಾ? ಡಾಕ್ಟರ್ ಹತ್ರ ಹೋಗಿ,” ಎಂದೆ.

“ನೀನು ಕಾಜ ನೋಡಮ್ಮ,” ಎಂದರು.

ಡಾಕ್ಟರ ಹತ್ತಿರ ಹೋಗುವ ಕೆಲಸವನ್ನು ಹೊಟ್ಟೆಯೇ ಮಾಡಿಸಿತು. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದು ಬಿಳಿ ಬಟ್ಟೆ ಹಾಸಿದವರು, ಮೇಜಿನ ಅಂಚು ಹಿಡಿದು ನಿಂತುಬಿಟ್ಟರು. ಮುಖ ಬಿಳಚಿತ್ತು. ಬಟ್ಟೆಯನ್ನು ಎರಡೂ ಕೈಯಿಂದ ಆಚೆಗೆ ತಳ್ಳಿದರು. ಆಮೇಲೆ ವಾಂತಿಯಾಯಿತು. ಬಂದದ್ದೆಲ್ಲ ರಕ್ತ. ನೆಲದ ತುಂಬ ರಕ್ತ, ಬಟ್ಟೆಯ ಮೇಲೆ ಒಂದು ಹನಿಯೂ ಇರಲಿಲ್ಲ. ಮೌನಿ ಮೆಷಿನ್ ಬಿಟ್ಟೆದ್ದು “ಗಾಡಿ ತರ್ತೀನಿ” ಎಂದು ಓಡಿದ. ಅದು ಅವನ ಅವತ್ತಿನ ಮೊದಲ ಮಾತು.

ಆಸ್ಪತ್ರೆಯಲ್ಲಿ ನಾಲ್ಕನೇ ದಿನ ಡಾಕ್ಟರಮ್ಮ ಬಂದು ಮಂಚದ ಪಕ್ಕ ಕೂತರು. ಚಿಕ್ಕ ವಯಸ್ಸಿನವರು, ಕೋಟಿನ ಒಂದು ಗುಂಡಿ ಕಿತ್ತುಹೋಗಿತ್ತು. ನನಗೆ ಅದೇ ಮೊದಲು ಕಂಡಿದ್ದು. ಮಾಸ್ಟರ್ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ಅಕ್ಕ, ಮಗಳು, ನಾನು ಮೂವರೂ ಇದ್ದೆವು.

“ಲಿವರ್ ಗಟ್ಟಿಯಾಗಿಬಿಟ್ಟಿದೆ,” ಎಂದರು ಡಾಕ್ಟರಮ್ಮ.

“ಇವರು ಜನ್ಮದಲ್ಲಿ ಕುಡಿದವರಲ್ಲ,” ಎಂದಳು ಅಕ್ಕ, ಯಾರೋ ಬೈದ ಹಾಗೆ.

“ಕುಡಿಯದವರಿಗೂ ಬರುತ್ತಮ್ಮ. ಇವರಿಗೆ ಸಕ್ಕರೆ ಕಾಯಿಲೆ ಇದೆ, ಲಿವರಲ್ಲಿ ಕೊಬ್ಬು ಕೂತಿದೆ. ಇಪ್ಪತ್ತು ವರ್ಷ ಸದ್ದಿಲ್ಲದೆ ಗಟ್ಟಿಯಾಗ್ತಾ ಬಂದಿದೆ.”

“ಅಂದ್ರೆ ಬಕ್ರಮ್ ಆಗಿದೆ,” ಎಂದರು ಮಾಸ್ಟರ್ ಮಲಗಿದ್ದಲ್ಲಿಂದಲೇ.

ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ. ನಾನು ಮಾಸ್ಟರ್ ಅಂಗಿಯ ಕಾಲರ್ ಹಿಡಿದು ಬಗ್ಗಿಸಿ ತೋರಿಸಿದೆ. ಕಾಲರ್ ನೆಟ್ಟಗೆ ನಿಲ್ಲಲೆಂದು ಒಳಗೆ ಇಡುವ ಬಿರುಸು ಬಟ್ಟೆಯೇ ಬಕ್ರಮ್. ಅವರು ಬೆರಳಿನಿಂದ ಒತ್ತಿ ನೋಡಿದರು.

“ಸರಿಯಾಗಿ ಹೇಳಿದ್ರಿ. ಕರುಳಿಂದ ಬರೋ ರಕ್ತ ಎಲ್ಲ ಲಿವರ್ ದಾಟಿ ಹೋಗ್ಬೇಕು. ಅದು ಹೀಗೆ ಬಿರುಸಾದ್ರೆ ರಕ್ತಕ್ಕೆ ದಾರಿ ಸಾಲಲ್ಲ, ಒತ್ತಡ ಏರುತ್ತೆ. ಆಗ ಅದು ಅಡ್ಡದಾರಿ ಹಿಡಿಯುತ್ತೆ. ನಿಮ್ಮ ಅನ್ನನಾಳದ ಸಣ್ಣ ರಕ್ತನಾಳಗಳು ಹಾಗೆ ಉಬ್ಬಿ ಒಡೆದವು. ಹೊಟ್ಟೆಯಲ್ಲಿ ನೀರು ತುಂಬಿರೋದಕ್ಕೂ ಅದೇ ಮೂಲ. ಬಾಯಿಂದ ಕೊಳವೆ ಇಳಿಸಿ ಆ ನಾಳಗಳಿಗೆ ರಬ್ಬರ್ ಬ್ಯಾಂಡ್ ಹಾಕಿದ್ದೀವಿ. ಇನ್ನೂ ಎರಡು ಮೂರು ಸಲ ಹಾಕ್ಬೇಕು.”

“ಕೇಳಿದ್ಯಾ ಕಾಜಮ್ಮ? ಎಲಾಸ್ಟಿಕ್ ಹಾಕಿದ ಪ್ಯಾಂಟನ್ನೇ ಹೊಲಿಯಲ್ಲ ಅಂತಿದ್ದೆ. ನನ್ನ ಗಂಟಲೊಳಗೇ ಎಲಾಸ್ಟಿಕ್ ಹಾಕಿಬಿಟ್ರು,” ಎಂದರು ಮಾಸ್ಟರ್. ಮಗಳು ನಗಲು ಹೋಗಿ ಅತ್ತಳು.

ಬೇರೆ ಲಿವರ್ ಹಾಕುವ ಮಾತೂ ಬಂತು. ಮಗಳು ತನ್ನದರಲ್ಲಿ ಪಾಲು ಕೊಡುತ್ತೇನೆಂದು ಎದ್ದು ನಿಂತಳು. ಪರೀಕ್ಷೆಗಳಾದವು. ಅಷ್ಟು ದೊಡ್ಡ ಆಪರೇಷನ್ನನ್ನು ಮಾಸ್ಟರ್ ಹೃದಯ ತಡೆಯುವುದಿಲ್ಲ ಎಂದರು. ಇರುವ ಲಿವರನ್ನೇ ಜೋಪಾನ ಮಾಡಿಕೊಂಡು ಹೋಗಬೇಕು ಎಂದಾಯಿತು.

ಬೀದಿಯಲ್ಲಿ ಆಗಲೇ ಕತೆ ಕಟ್ಟಿದ್ದರು. ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುತ್ತಾರೆ. ನಮ್ಮ ಮಾಸ್ಟರ್ ಮರದ ಹತ್ತಿರವೂ ಹೋದವರಲ್ಲ. ಗಡಿಯಾರ ರಿಪೇರಿಯವನು “ಒಳಗೊಳಗೇ ಇತ್ತೋ ಏನೋ” ಎಂದು ನನ್ನೆದುರೇ ಅಂದ. ಅವನ ಅಂಗಿಯ ಕಾಜಗಳನ್ನು ಒಂದು ನೂಲು ಬಿಗಿಯಾಗಿ ಹೊಲಿದುಕೊಟ್ಟೆ. ಈಗಲೂ ಗುಂಡಿ ಹಾಕಲು ತಿಣುಕುತ್ತಾನೆ.

ಮನೆಗೆ ಬಂದ ಮೇಲೆ ಬದುಕು ಪಟ್ಟಿ ಹಿಡಿದು ನಡೆಯಿತು. ನೀರು ಇಳಿಯುವ ಮಾತ್ರೆ, ಒತ್ತಡ ತಗ್ಗಿಸುವ ಮಾತ್ರೆ, ಬೆಳಿಗ್ಗೆ ತೂಕ. ನೋವಿನ ಮಾತ್ರೆ, ನಿದ್ದೆ ಮಾತ್ರೆ ಮುಟ್ಟುವಂತಿಲ್ಲ. ಎಲ್ಲಕ್ಕಿಂತ ಕಷ್ಟವಾಗಿದ್ದು ಉಪ್ಪು. “ಉಪ್ಪಿಗಿಂತ ರುಚಿಯಿಲ್ಲ ಅಂತ ಹಿರಿಯರು ಸುಮ್ನೆ ಹೇಳಿದ್ರಾ?” ಎಂದು ಮಾಸ್ಟರ್ ತಟ್ಟೆ ನೋಡಿ ನಿಟ್ಟುಸಿರಿಡುವರು. “ಉಪ್ಪು ತಿಂದೋರು ನೀರು ಕುಡೀಲೇಬೇಕು ಅಂತಲೂ ಅವರೇ ಹೇಳಿದ್ದು. ನಿಮಗೆ ಆ ನೀರು ಹೊಟ್ಟೇಲೇ ನಿಲ್ಲುತ್ತೆ, ತಿನ್ನಿ ಸುಮ್ನೆ,” ಎನ್ನುವಳು ಅಕ್ಕ.

ಮತ್ತೊಂದು ಸಿಹಿ ಸಿರಪ್ಪು ಕೊಟ್ಟಿದ್ದರು. ದಿನಕ್ಕೆ ಎರಡು ಮೂರು ಸಲ ಹೊಟ್ಟೆ ಮೆತ್ತಗೆ ಖಾಲಿಯಾಗಬೇಕು, ಅಷ್ಟಕ್ಕೆ ಲೆಕ್ಕ ಹಾಕಿ ಕುಡಿಯಬೇಕು. ಅಡ್ಡಿಯೆಂದರೆ ನಮ್ಮ ಅಂಗಡಿಗೆ ಪಾಯಿಖಾನೆ ಇಲ್ಲ. ಗಡಿಯಾರ ಅಂಗಡಿಯ ಮೇಲ್ಮಹಡಿಗೆ ಹೋಗಬೇಕು, ಕಡಿದಾದ ಇಪ್ಪತ್ತಾರು ಮೆಟ್ಟಿಲು, ಆ ಹೊಟ್ಟೆ ಹೊತ್ತುಕೊಂಡು. ಮಾಸ್ಟರ್ ಬುದ್ಧಿವಂತರಾದರು. ಭೇದಿಯಾಗುತ್ತಿದೆ ಎಂದು ಮನೆಯಲ್ಲಿ ಹೇಳಿ ಸಿರಪ್ಪು ನಿಲ್ಲಿಸಿದರು.

ಐದನೇ ದಿನ ಆರು ಅಂಗಿ ಕತ್ತರಿಸಿ ಮೌನಿಗೆ ಕೊಟ್ಟರು. ಅಂಗಿಯ ಮುಂಭಾಗಕ್ಕೆ ಎಡ ಒಂದು, ಬಲ ಒಂದು ಬೇಕು; ಅದಕ್ಕೇ ಬಟ್ಟೆಯನ್ನು ಜೋಡಿ ಹಾಸಿ ಕತ್ತರಿಸುವುದು. ಮೌನಿ ತುಂಡುಗಳನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಎದ್ದು ನನ್ನ ಸ್ಟೂಲಿನ ಮೇಲೆ ಹರಡಿದ. ಹನ್ನೆರಡೂ ಎಡಗಡೆಯವೇ. ನಲವತ್ತನಾಲ್ಕು ವರ್ಷ ಕತ್ತರಿ ಹಿಡಿದವರು ಕಲಿಯುವ ಹುಡುಗರೂ ಮಾಡದ ತಪ್ಪು ಮಾಡಿದ್ದರು. ಅವರಿಗದು ಕಾಣಿಸಲೇ ಇಲ್ಲ. “ಸರಿ ಇದೆಯಲ್ಲ, ಇನ್ನೇನು?” ಎಂದು ನನ್ನ ಮೇಲೆ ರೇಗಿದರು. ಅವರು ಹಿಂದೆಂದೂ ನನ್ನ ಮೇಲೆ ರೇಗಿದವರೇ ಅಲ್ಲ. ನಾನು ಆ ಕ್ಷಣವೇ ಅಂಗಡಿಯ ಬಾಗಿಲೆಳೆದೆ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಾಸ್ಟರಿಗೆ ಕೈ ಎರಡೂ ಮುಂದೆ ಚಾಚಿ, ಅಂಗೈ ಮೇಲಕ್ಕೆತ್ತಿ ನಿಲ್ಲಿಸಿ ಎಂದರು. ನಿಂತಿದ್ದ ಕೈ ಮಣಿಕಟ್ಟಿನಲ್ಲಿ ಥಟ್ಟನೆ ಕೆಳಗೆ ಬಿತ್ತು, ಎದ್ದಿತು, ಮತ್ತೆ ಬಿತ್ತು. ಲಿವರ್ ತೊಳೆಯಬೇಕಾದ ವಿಷ ತಲೆಗೆ ಏರಿದರೆ ಹೀಗಾಗುತ್ತದಂತೆ. ಹಗಲು ತೂಕಡಿಕೆ, ಸಿಡುಕು, ಕೈಯ ಅಂದಾಜು ತಪ್ಪುವುದು ಎಲ್ಲ ಅದೇ. ಸಿರಪ್ಪು ಆ ವಿಷವನ್ನು ಹೊಟ್ಟೆಯಿಂದ ಹೊರಹಾಕಲು ಕೊಟ್ಟಿದ್ದು. “ಇದು ಮೊದಲು ಸಣ್ಣ ಕೆಲಸಗಳಲ್ಲಿ ತೋರುತ್ತೆ. ದಿನಾ ಒಂದೇ ಕೆಲಸ ಮಾಡಿಸಿ ನೋಡ್ತಿರಿ. ಬೇರೆ ಥರ ಆಯ್ತು ಅನ್ನಿಸಿದ್ರೆ ತಕ್ಷಣ ಕರ್ಕೊಂಡು ಬನ್ನಿ,” ಎಂದರು.

ದಾರಿಯಲ್ಲಿ ಮಾಸ್ಟರ್ ಮೆಲ್ಲಗೆ ಹೇಳಿದರು: “ಹೊಟ್ಟೆ ಏನಾದ್ರೂ ಆಗ್ಲಿ. ಮಗಳ ಕೋಟು ಕತ್ತರಿಸೋವರೆಗೂ ಈ ಕೈ ಇರ್ಬೇಕು ನೋಡು.”

ಕೋಟಿನ ಸಂಗತಿ ನನಗೆ ಗೊತ್ತಿತ್ತು. ಮಗಳು ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡುವ ಕೆಲಸಕ್ಕೆ ಪರೀಕ್ಷೆ ಬರೆದಿದ್ದಳು. ಆ ಕೆಲಸಕ್ಕೆ ಕಪ್ಪು ಕೋಟು ಕಡ್ಡಾಯ. ಫಲಿತಾಂಶ ಬರುವ ಮೊದಲೇ ಮಾಸ್ಟರ್ ಉಣ್ಣೆಯ ಕಪ್ಪು ಬಟ್ಟೆ ತಂದು, ಕಂದು ಕಾಗದದಲ್ಲಿ ಸುತ್ತಿ, ಮೇಲಿನ ಹಲಗೆಯ ಮೇಲೆ ಇಟ್ಟಿದ್ದರು. ಕೋಟು ಕತ್ತರಿಸುವುದು ಈ ಕಸುಬಿನಲ್ಲಿ ಎಲ್ಲರಿಗೂ ಬರುವ ವಿದ್ಯೆಯಲ್ಲ.

ಮರುದಿನದಿಂದ ನಾನು ಕಾನೂನು ಮಾಡಿದೆ. ಬೆಳಿಗ್ಗೆ ಬಂದವರು ಬಟ್ಟೆ ಮುಟ್ಟುವ ಮೊದಲು ಹಳೆಯ ಪತ್ರಿಕೆಯಲ್ಲಿ ಒಂದು ಕಾಲರ್ ಕತ್ತರಿಸಬೇಕು, ಮಾವನ ಕಾಲದ ಹಾಗೆಯೇ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನು ಮಡಿಸುತ್ತೇನೆ. ತುದಿ ಕೂತರೆ ಕತ್ತರಿ ಅವರದ್ದು, ಕೂರದಿದ್ದರೆ ಕತ್ತರಿ ನನ್ನ ಡಬ್ಬಕ್ಕೆ, ಅವರು ಡಾಕ್ಟರ ಹತ್ತಿರಕ್ಕೆ. ಸಿರಪ್ಪಿನ ಬಾಟಲಿಯನ್ನು ಅಂಗಡಿಗೇ ತರಿಸಿ ಅದರ ಮೇಲೆ ದಿನಾ ಚಾಕ್‌ಪೀಸಿನಲ್ಲಿ ಗೆರೆ ಎಳೆದೆ, ಎಷ್ಟು ಇಳಿಯಿತು ಎಂದು ನೋಡಲು. ಗಡಿಯಾರದವನಿಗೆ ನಾಲ್ಕು ಮಾತು ಹೇಳಿ ಮೆಟ್ಟಿಲಿಗೆ ಹಗ್ಗದ ಕೈಹಿಡಿಕೆ ಕಟ್ಟಿಸಿದೆ. ಹಿಂದೆ ಮಾಸ್ಟರ್ ಬಗ್ಗೆ ಹಾಗೆ ಅಂದದ್ದಕ್ಕೆ ಅವನಿಗೂ ಒಳಗೊಳಗೇ ಕಸಿವಿಸಿಯಿತ್ತು, ಕೂಡಲೇ ಕಟ್ಟಿದ.

“ಅರವತ್ತರ ಹತ್ರ ಬಂದೆ, ಮತ್ತೆ ಪರೀಕ್ಷೆ. ಅದೂ ಕಾಜ ಹೊಲಿಯೋಳ ಕೈಲಿ,” ಎನ್ನುತ್ತಿದ್ದರು ಮಾಸ್ಟರ್.

“ಪುಣ್ಯ ಮಾಡಿದ್ದೀರಿ. ನಿಮ್ಮ ಮಾವ ಆಗಿದ್ರೆ ತಲೆಗೆ ಕೊಡ್ತಿದ್ರು,” ಎನ್ನುತ್ತಿದ್ದೆ.

ಹತ್ತಿರ ಹತ್ತಿರ ಒಂದು ವರ್ಷ ಹೀಗೆ ನಡೆಯಿತು. ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಹೊಟ್ಟೆಗೆ ಸೂಜಿ ಹಾಕಿ ನೀರು ತೆಗೆಯುವರು. ಬಂದ ದಿನ ಮಾಸ್ಟರ್ ಹಗುರಾಗಿ, ಟೇಪು ಸುತ್ತಿ “ಆರಿಂಚು ಇಳಿದಿದೆ” ಎಂದು ಘೋಷಿಸುವರು. ಮತ್ತೆರಡು ಸಲ ಬ್ಯಾಂಡ್ ಹಾಕಿದರು. ಕಾಲರ್ ನಾಲ್ಕು ಸಲ ತಪ್ಪಿತು. ನಾಲ್ಕು ಸಲವೂ ಮೊದಲೇ ಗೊತ್ತಾಗಿದ್ದರಿಂದ ಸಿರಪ್ಪು ಹೆಚ್ಚಿಸುವುದರಲ್ಲೇ ಮುಗಿಯಿತು. ನನ್ನ ಕಾನೂನನ್ನು ಡಾಕ್ಟರಮ್ಮ ಮೆಚ್ಚಿಕೊಂಡರು. ನಾನೂ ಸ್ವಲ್ಪ ಬೀಗಿದೆ, ಸುಳ್ಳೇಕೆ ಹೇಳಲಿ.

ಮಗಳಿಗೆ ಕೆಲಸದ ಆದೇಶ ಬಂತು. ಮುಂದಿನ ತಿಂಗಳ ಮೊದಲ ವಾರ ಸೇರಬೇಕು. ಮಾಸ್ಟರ್ ಅವಳ ಅಳತೆ ತಾವೇ ತೆಗೆದರು. ಮೂರು ದಿನ ಬಿಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕ್ಷೌರ ಮಾಡಿಸಿಕೊಂಡು ಬಂದರು. ಕಂದು ಕಾಗದ ಬಿಚ್ಚಿ ಕಪ್ಪು ಬಟ್ಟೆ ಹಾಸಿದರು.

“ಮೊದಲು ಕಾಲರ್,” ಎಂದೆ.

“ಇವತ್ತೂನಾ?” ಎಂದು ನಕ್ಕು ಕತ್ತರಿಸಿಕೊಟ್ಟರು.

ಕಿಟಕಿಯ ಹತ್ತಿರ ಮಡಿಸಿ ಹಿಡಿದೆ. ಬಲದ ತುದಿ ಒಂದು ಅಕ್ಕಿಕಾಳಿನಷ್ಟು ಹೊರಗೆ ನಿಂತಿತ್ತು. ಬಿಚ್ಚಿ ಮತ್ತೆ ಮಡಿಸಿದೆ. ಹಾಗೇ ಇತ್ತು. ಬಾಟಲಿಯ ಕಡೆ ನೋಡಿದೆ. ಸಿರಪ್ಪು ಮೊನ್ನೆಯ ಗೆರೆಯಲ್ಲೇ ನಿಂತಿತ್ತು; ಕೋಟಿನ ಗಡಿಬಿಡಿಯಲ್ಲಿ ನಿನ್ನೆ ಗೆರೆ ನೋಡುವುದು ನನಗೂ ತಪ್ಪಿತ್ತು. ಕೋಟಿನ ದಿನ ಮೇಜು ಬಿಟ್ಟು ಮೆಟ್ಟಿಲು ಹತ್ತಬಾರದು ಎಂದು ಎರಡು ದಿನದಿಂದ ಕುಡಿದಿರಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿರಲಿಲ್ಲ.

ಮಾಸ್ಟರ್ ನನಗೆ ಬೆನ್ನು ಹಾಕಿ ನಿಂತಿದ್ದರು. ಆ ಕಪ್ಪು ಬಟ್ಟೆಯನ್ನು ಅಂಗೈಯಿಂದ ನೀವುತ್ತಿದ್ದರು, ಮಗುವಿನ ತಲೆ ನೀವಿದ ಹಾಗೆ. “ಕೂತಿತಾ?” ಎಂದು ತಿರುಗದೆಯೇ ಕೇಳಿದರು.

ಇಷ್ಟು ವರ್ಷ ಯಾರ ಮುಖವನ್ನೂ ನೋಡದೆ ಇದ್ದದ್ದನ್ನು ಇದ್ದಹಾಗೆ ಆಡಿದ ಬಾಯಿ ಇದು. “ಕೂತಿದೆ ಮಾಸ್ಟರ್. ಕತ್ತರಿಸಿ,” ಎಂದಿತು.

ಅವರು ಹಳೆಯ ದಿನಗಳ ಹಾಗೆ ಕತ್ತರಿಸಿದರು. ಕತ್ತರಿ ಒಂದು ಕಡೆಯೂ ನಿಲ್ಲಲಿಲ್ಲ. ಬೆನ್ನು, ಎದೆ, ಕೈ ಎಲ್ಲ ಚೊಕ್ಕವಾಗಿ ಬಂದವು. ನನಗೆ ಹೋದ ಉಸಿರು ಬಂತು. ಎಡಬಲ ಎರಡೂ ಇದ್ದವು. ನಾನೇ ಎಣಿಸಿ ನೋಡಿದೆ. ಮೌನಿ ಬೆನ್ನಿನ ತುಂಡುಗಳನ್ನು ಜೋಡಿಸಲು ಎತ್ತಿಕೊಂಡವನು ಹಾಗೇ ಕೆಳಗಿಟ್ಟ.

“ಮಾರ್ಜಿನ್ ಇಲ್ಲ,” ಎಂದ.

ಮಾಸ್ಟರ್ ಟೇಪು ತೆಗೆದರು. ಎದೆ ಅಳೆದರು, ಬೆನ್ನು ಅಳೆದರು, ಎಲ್ಲ ತುಂಡುಗಳನ್ನೂ ಎರಡೆರಡು ಸಲ ಅಳೆದರು. ಮಗಳ ಮೈಯಳತೆ ಎಷ್ಟಿತ್ತೋ ಅಷ್ಟಕ್ಕೇ ಕತ್ತರಿಸಿದ್ದರು. ಹೊಲಿಗೆಗೆ ಒಂದು ನೂಲೂ ಬಿಟ್ಟಿರಲಿಲ್ಲ. ಊರಿಗೆಲ್ಲ ಒಂದಿಂಚು ಬಿಟ್ಟವರು ಮಗಳ ಕೋಟಿಗೆ ಬಿಡಲು ಮರೆತಿದ್ದರು. ಆ ಬಟ್ಟೆಯಲ್ಲಿ ಇನ್ನು ಅವಳ ಕೋಟು ಆಗುವುದಿರಲಿಲ್ಲ.

“ನೀನು ಮಡಿಸಿ ನೋಡಿದೆ ಅಲ್ವಾ ಕಾಜಮ್ಮ?” ಎಂದರು.

ಅವರು ನಿಧಾನಕ್ಕೆ ಬಂದು, ನನ್ನ ಸ್ಟೂಲಿನ ಮೇಲಿದ್ದ ಕಾಗದದ ಕಾಲರ್ ತೆಗೆದುಕೊಂಡು ಮಡಿಸಿದರು. ಬೆಳಕಿಗೆ ಹಿಡಿದು ನೋಡಿದರು. ಮತ್ತೆ ಅಲ್ಲೇ ಇಟ್ಟರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಸಂಜೆಗೆ ಮಾಸ್ಟರಿಗೆ ಜ್ವರ ಬಂತು. ಬೆಳಗಾಗುವಷ್ಟರಲ್ಲಿ ಅಕ್ಕನ ಗುರುತು ಹತ್ತದೆ, ಹಾಸಿಗೆಯ ಹೊದಿಕೆಯನ್ನು ಬೆರಳಲ್ಲಿ ಅಳೆಯುತ್ತಾ “ಕತ್ತರಿ ಕೊಡಿ” ಎನ್ನುತ್ತಿದ್ದರಂತೆ. ಹೊಟ್ಟೆಯ ನೀರಿಗೆ ಸೋಂಕು ತಗುಲಿತ್ತು. ನಾನು ಡಾಕ್ಟರಮ್ಮನ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. “ಸೋಂಕು ನಿಮ್ಮ ಮಾತಿಂದ ಬಂದಿದ್ದಲ್ಲ. ಆದ್ರೆ ಕಾಲರ್ ತಪ್ಪಿದಾಗಲೇ ತಂದಿದ್ರೆ ಒಂದು ದಿನ ಉಳೀತಿತ್ತು. ಇವರಿಗೆ ಒಂದು ದಿನ ಅಂದ್ರೆ ದೊಡ್ಡದು,” ಎಂದರು. ಅಡ್ಡಗೋಡೆಯ ಮೇಲೆ ದೀಪ ಇಡದೆ ನೇರವಾಗಿ ಹೇಳಿದ್ದಕ್ಕೆ ಅವರ ಮೇಲೆ ಗೌರವ ಹೆಚ್ಚಿತು.

ಹೊರಗಿನ ಬೆಂಚಿನಲ್ಲಿ ಅಕ್ಕನಿಗೂ ಹೇಳಿದೆ. ಅವಳು ಸೆರಗಿನ ತುದಿ ತಿರುಚುತ್ತಾ ಕೂತಿದ್ದಳು. “ಪಾಪ ಅನ್ನಿಸ್ತು ಅಲ್ವಾ ನಿನಗೆ?” ಎಂದಳು. ತಲೆಯಾಡಿಸಿದೆ. “ನನಗೂ ಅನ್ನಿಸ್ತಿತ್ತು. ಎರಡು ತಿಂಗಳಿಂದ ಅವರ ಪಾಲಿನ ಅಡುಗೆಗೆ ಒಂದೊಂದು ಚಿಟಿಕೆ ಉಪ್ಪು ಹಾಕ್ತಿದ್ದೆ. ಯಾರಿಗೂ ಹೇಳಿರಲಿಲ್ಲ.” ಇಬ್ಬರೂ ಅಲ್ಲೇ ಕೂತು ಅತ್ತೆವು.

ಎಂಟನೇ ದಿನ ಮಾಸ್ಟರ್ ದಿಂಬಿಗೆ ಒರಗಿ ಕೂತಿದ್ದರು. ಬುದ್ಧಿ ತಿಳಿಯಾಗಿತ್ತು. “ಪತ್ರಿಕೆ ತಂದಿದ್ದೀಯಾ?” ಎಂದು ಕೇಳಿದರು. ನರ್ಸಮ್ಮನಿಂದ ಬ್ಯಾಂಡೇಜ್ ಕತ್ತರಿಸುವ ಮೊಂಡು ಕತ್ತರಿ ಇಸಿದುಕೊಂಡೆ. ಮಗಳು ಮಂಚದ ಕಾಲ ಬಳಿ ನಿಂತಿದ್ದಳು. ಅವರು ಬಹಳ ಹೊತ್ತು ತೆಗೆದುಕೊಂಡು ಒಂದು ಕಾಲರ್ ಕತ್ತರಿಸಿ ನನ್ನ ಕೈಗೆ ಕೊಟ್ಟು, ನನ್ನ ಮುಖವನ್ನೇ ನೋಡುತ್ತಾ ಕೂತರು.

ಮಡಿಸಿದೆ.

“ಇಲ್ಲ ಮಾಸ್ಟರ್. ಕೂತಿಲ್ಲ.”

“ಎಷ್ಟು?”

“ಒಂದು ಬೆರಳು.”

ಅವರು ಕಣ್ಣು ಮುಚ್ಚಿದರು. ಕತ್ತರಿಯಿಂದ ಹೆಬ್ಬೆರಳು ಬಿಡಿಸಿಕೊಂಡು ಅದನ್ನು ಹೊದಿಕೆಯ ಮೇಲಿಟ್ಟರು. “ಅವತ್ತು ಹೀಗೆ ಹೇಳಿದ್ರೆ ಬಟ್ಟೆ ಉಳೀತಿತ್ತು.”

“ಹೌದು. ತಪ್ಪಾಯ್ತು.”

“ಸಿರಪ್ ಬಿಟ್ಟೋನು ನಾನು. ಅರ್ಧ ನಂದು.” ಸ್ವಲ್ಪ ಸುಧಾರಿಸಿಕೊಂಡು ಮಗಳ ಕಡೆ ತಿರುಗಿದರು. “ಹೊಸ ಬಟ್ಟೆ ತಗೊಂಡು ಬಾಮ್ಮ. ಕೋಟು ಇವಳು ಕತ್ತರಿಸ್ತಾಳೆ.”

“ನಾನಾ? ಕಾಜ ಬಿಟ್ರೆ ನನಗೇನು ಬರುತ್ತೆ?”

“ಒಂದು ವರ್ಷದಿಂದ ದಿನಾ ನನ್ನ ತಪ್ಪು ಹುಡುಕಿದ್ದೀಯ. ಕಣ್ಣು ತಯಾರಾಗಿದೆ. ಕೈ ನಾನು ತಯಾರು ಮಾಡ್ತೀನಿ.”

ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮರುದಿನದಿಂದ ಅವರು ಅಂಗಡಿಯಲ್ಲಿ ಬೆತ್ತದ ಕುರ್ಚಿ ಹಾಕಿ ಕೂತರು, ಬೆನ್ನಿಗೆ ದಿಂಬು, ಕೈಗೆಟುಕುವಲ್ಲಿ ಸಿರಪ್ಪಿನ ಬಾಟಲಿ. ನಾನು ನಿಂತು ಪತ್ರಿಕೆಯಲ್ಲಿ ಕಾಲರ್ ಕತ್ತರಿಸಿದೆ. ಅವರು ಮಡಿಸಿ ನೋಡಿದರು.

“ನಿಜ ಹೇಳ್ಲಾ, ಪಾಪ ಅಂತ ಹೇಳ್ಲಾ?” ಎಂದರು.

ಮೌನಿ ಕಿಸಕ್ಕೆಂದು ನಕ್ಕ. ನನಗೆ ಮೈಯೆಲ್ಲ ಉರಿಯಿತು. “ನಿಜ ಹೇಳಿ,” ಎಂದೆ.

“ಕೋಳಿ ಕೆದರಿದ ಹಾಗಿದೆ. ಇನ್ನೊಂದು.”

ಕಾಗದದ ಮೇಲೆ ಒಂಬತ್ತು ದಿನ ಕಳೆಯಿತು. ಕಾಲರ್ ಆಯಿತು, ಬೆನ್ನಾಯಿತು, ಇಡೀ ಕೋಟೇ ಎರಡು ಸಲ ಪತ್ರಿಕೆಯಲ್ಲಿ ಆಯಿತು. ಹೆಬ್ಬೆರಳಲ್ಲಿ ಗುಳ್ಳೆ ಬಂದಾಗ ಕತ್ತರಿಯ ಹಿಡಿಗೆ ಅವರೇ ನಡುಗುವ ಕೈಯಲ್ಲಿ ಬಟ್ಟೆಯ ಪಟ್ಟಿ ಸುತ್ತಿಕೊಟ್ಟರು. ಹತ್ತನೇ ದಿನ ಕಪ್ಪು ಬಟ್ಟೆ ಹಾಸಿದೆ. “ಉಸಿರು ಬಿಡು, ಆಮೇಲೆ ಕತ್ತರಿ ಹಾಕು,” ಎಂದಷ್ಟೇ ಹೇಳಿ ಅವರು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ನಾನು ಕತ್ತರಿಸಿ ಮುಗಿಸುವವರೆಗೂ ತಿರುಗಿ ನೋಡಲಿಲ್ಲ.

ಕೆಲಸಕ್ಕೆ ಸೇರುವ ಹಿಂದಿನ ದಿನ ಮಗಳು ಕೋಟು ಹಾಕಿಕೊಂಡು ಅಪ್ಪನ ಮುಂದೆ ನಿಂತಳು. ಭುಜ ಚೆನ್ನಾಗಿ ಕೂತಿತ್ತು. ಎಡ ತೋಳಿನಲ್ಲಿ ಒಂದು ಸಣ್ಣ ಸುಕ್ಕು ಇತ್ತು; ಅದು ಈಗಲೂ ಇದೆ. ಮಾಸ್ಟರ್ ಅವಳನ್ನು ಒಂದು ಸುತ್ತು ತಿರುಗಿಸಿ ನೋಡಿದರು. ಸುಕ್ಕನ್ನು ನೋಡಿದರು, ನನ್ನನ್ನೂ ನೋಡಿದರು. ಆಮೇಲೆ ಕೋಟಿನ ಪಕ್ಕದ ಹೊಲಿಗೆಯ ಒಳಕ್ಕೆ ಬೆರಳು ಹಾಕಿ ಸವರಿದರು.

“ಎಷ್ಟು ಬಿಟ್ಟಿದ್ದೀಯ?”

“ಒಂದಿಂಚು.”

“ಕೋಟಿಗೆ ಅಷ್ಟು ಬೇಕಾಗಿರಲಿಲ್ಲ.”

“ನಾಳೆ ಮೈಗೂ ಜಾಗ ಇಡ್ಬೇಕು ಅಂದೋರು ನೀವೇ.”

“ಸರಿ. ನಾಳೆ ಬಿಚ್ಚಿ ಕೊಡೋರು ಯಾರು?” ಎಂದರು. ಕೇಳಿದ್ದು ನಗುನಗುತ್ತಲೇ. ಮಗಳು ನೆಲ ನೋಡಿದಳು.

“ನಾನಿದ್ದೀನಿ,” ಎಂದೆ.

ಮಾಸ್ಟರ್ ಇನ್ನೂ ಏಳು ತಿಂಗಳು ಇದ್ದರು. ಕೊನೆಯ ಎರಡು ವಾರ ಬಿಟ್ಟರೆ ದಿನಾ ಬೆಳಿಗ್ಗೆ ಬಂದು ಆ ಕುರ್ಚಿಯಲ್ಲಿ ಕೂತು ನನ್ನ ಕಾಲರ್ ಮಡಿಸಿದರು. ಸಿರಪ್ಪು ಒಂದು ದಿನವೂ ತಪ್ಪಿಸಲಿಲ್ಲ. ಹಗ್ಗ ಹಿಡಿದು ಮೆಟ್ಟಿಲು ಹತ್ತಿ ಇಳಿದರು, ಹತ್ತಲಾಗದ ದಿನ ಮೌನಿ ಹೊತ್ತುಕೊಂಡು ಹೋದ. ಹೋದದ್ದು ಮನೆಯಲ್ಲೇ, ಬೆಳಿಗ್ಗೆ, ಅಕ್ಕನೂ ಮಗಳೂ ಹತ್ತಿರವಿದ್ದಾಗ.

ಹೋದ ವರ್ಷ ಮಗಳು ಕೋಟು ತಂದಳು. ಮಗುವಾದ ಮೇಲೆ ಸೊಂಟಕ್ಕೆ ಬಿಗಿಯಾಗುತ್ತಿತ್ತು. ಬಾಗಿಲು ಅರ್ಧ ಹಾಕಿ, ಕಿಟಕಿಯ ಹತ್ತಿರ ಕೂತು, ಪಕ್ಕದ ಹೊಲಿಗೆ ಬಿಚ್ಚಿದೆ. ಹೊರಗಿನ ಬಟ್ಟೆ ನಾಲ್ಕು ವರ್ಷದ ಓಡಾಟಕ್ಕೆ ಬೂದುಬಣ್ಣಕ್ಕೆ ತಿರುಗಿತ್ತು. ಒಳಗಿದ್ದದ್ದು ತಂದ ದಿನದ ಹಾಗೆ ಕಪ್ಪಗೆ ಇತ್ತು. ಅರ್ಧ ಇಂಚು ಬಿಟ್ಟುಕೊಟ್ಟು ಹೊಲಿದೆ. ಇನ್ನೂ ಅರ್ಧ ಇಂಚು ಒಳಗಿದೆ.